ದೂರಿಗೂ ರಶೀದಿ ಬೇಕು



“ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ಲೈನಿನಲ್ಲಿರಿ.” ಈ ಮಾತು ಕೇಳಿಸಿಕೊಳ್ಳದ ಅನಿವಾಸಿ ಇವತ್ತು ಗಲ್ಫಿನಲ್ಲಿ ಸಿಗಲಿಕ್ಕಿಲ್ಲ. ಹಣ ಕಳುಹಿಸುವ ಆಪ್, ಊರಿನ ಬ್ಯಾಂಕ್, ವಿಮಾನದ ಟಿಕೆಟ್, ಸಿಮ್ ರೀಚಾರ್ಜ್, ಮಕ್ಕಳ ಶಾಲೆಯ ಫೀಸು ಎಲ್ಲವೂ ಈಗ ಮೊಬೈಲಿನೊಳಗೇ ಇದೆ. ನಡೆಯುವಷ್ಟು ದಿನ ಬಹಳ ಸುಲಭ. ಒಮ್ಮೆ ಎಲ್ಲಿಯಾದರೂ ಸಿಕ್ಕಿಕೊಂಡಿತೋ, ಕೇಳುವವರೇ ಇಲ್ಲ. ಒಂದು ಒತ್ತಿ, ಎರಡು ಒತ್ತಿ, ಒಂಬತ್ತು ಒತ್ತಿ. ಕೊನೆಗೆ ಲೈನ್ ಕಟ್. ಚಾಟ್‌ನಲ್ಲಿ ಬರೆದರೆ ಉತ್ತರಿಸುವುದು ಯಂತ್ರ. ನಾವು ಕೇಳಿದ್ದು ಒಂದು, ಅದು ಹೇಳುವುದು ಇನ್ನೊಂದು.

ನಮ್ಮ ಸಂಘಟನೆಯ ಸೇವಾ ವಿಭಾಗಕ್ಕೆ ಹಿಂದೆ ಹೆಚ್ಚಾಗಿ ಬರುತ್ತಿದ್ದದ್ದು ಇಕಾಮ, ಸಂಬಳ ಬಾಕಿ, ಎಕ್ಸಿಟ್ ಮುಂತಾದ ವಿಷಯಗಳು. ಈಗ ಅವುಗಳ ಜೊತೆಗೆ “ಕಸ್ಟಮರ್ ಕೇರ್‌ನವರು ಉತ್ತರ ಕೊಡುತ್ತಿಲ್ಲ” ಎಂಬ ದೂರೂ ಸೇರಿಕೊಂಡಿದೆ. ಸಣ್ಣ ಕಿರಿಕಿರಿ ಎಂದು ಇದನ್ನು ತಳ್ಳಿಹಾಕುವ ಹಾಗಿಲ್ಲ. ಸಿಕ್ಕಿಕೊಂಡಿರುವುದು ಯಾರದ್ದೋ ಒಂದು ತಿಂಗಳ ದುಡಿಮೆ.

ಮೊದಲು ಸಮಯದ ಲೆಕ್ಕ ನೋಡೋಣ. ಊರಲ್ಲಿ ಬೆಳಗ್ಗೆ 10 ಗಂಟೆಗೆ ಬ್ಯಾಂಕ್ ತೆರೆಯುವಾಗ ಸೌದಿಯಲ್ಲಿ 7.30. ಅಲ್ಲಿ ಸಂಜೆ 4ಕ್ಕೆ ಕೌಂಟರ್ ಮುಚ್ಚುವಾಗ ಇಲ್ಲಿ ಮಧ್ಯಾಹ್ನ 1.30. ಅಷ್ಟೂ ಹೊತ್ತು ನಮ್ಮವರು ಸೈಟಿನಲ್ಲಿ, ಅಂಗಡಿಯಲ್ಲಿ, ಡ್ರೈವಿಂಗ್ ಸೀಟಿನಲ್ಲಿ ಇರುತ್ತಾರೆ. ಹೆಚ್ಚಿನವರಿಗೆ ರಜೆ ಶುಕ್ರವಾರ ಒಂದೇ ದಿನ. ಜುಮಾ ಮುಗಿಸಿ ರೂಮಿಗೆ ಬಂದು ಊಟಕ್ಕೆ ಕೂರುವಾಗ ಊರಿನ ಶಾಖೆ ಬಾಗಿಲು ಹಾಕುವ ಹೊತ್ತು. ಭಾನುವಾರ, ಎರಡನೇ ಮತ್ತು ನಾಲ್ಕನೇ ಶನಿವಾರ ಅಲ್ಲಿ ರಜೆ. 1800ರಿಂದ ಶುರುವಾಗುವ ಟೋಲ್ ಫ್ರೀ ನಂಬರ್ ಸಾಮಾನ್ಯವಾಗಿ ವಿದೇಶದಿಂದ ಸಿಗುವುದೇ ಇಲ್ಲ. ಸಿಗುವ ನಂಬರಿಗೆ ಕರೆ ಮಾಡಿದರೆ ಹಾಡು ಕೇಳುವುದಕ್ಕೂ ನಿಮಿಷದ ಲೆಕ್ಕದಲ್ಲಿ ರಿಯಾಲ್ ಹೋಗುತ್ತದೆ. ಎರಡು ಮೂರು ಸಲ ಪ್ರಯತ್ನಿಸಿ “ಹೋಗಲಿ ಬಿಡು” ಎಂದು ಕೈಬಿಡುವವರೇ ಜಾಸ್ತಿ. ನಾವು ಕೈಬಿಟ್ಟ ಹಣ ಮಾತ್ರ ಎಲ್ಲಿಗೂ ಹೋಗುವುದಿಲ್ಲ, ಅದು ಆ ಕಡೆಯವರ ಖಾತೆಯಲ್ಲೇ ಉಳಿಯುತ್ತದೆ.

ನಮ್ಮ ಸದಸ್ಯರೊಬ್ಬರ ಪ್ರಕರಣವನ್ನೇ ನೋಡಿ. ತಂದೆಯ ಆಪರೇಷನ್‌ಗೆಂದು ಆಪ್ ಮೂಲಕ ಹೆಂಡತಿಯ ಖಾತೆಗೆ ಹಣ ಕಳುಹಿಸಿದರು. ಆಪ್‌ನಲ್ಲಿ “ಪೂರ್ಣಗೊಂಡಿದೆ” ಎಂದು ಹಸಿರು ಗುರುತು ಬಂತು. ಊರಿನ ಬ್ಯಾಂಕಿನಲ್ಲಿ ಕೇಳಿದರೆ “ಬಂದಿಲ್ಲ” ಎಂದರು. ಆಪ್‌ನವರು ಬ್ಯಾಂಕಿನಲ್ಲಿ ಕೇಳಿ ಎಂದರು, ಬ್ಯಾಂಕಿನವರು ಆಪ್‌ನವರನ್ನು ಕೇಳಿ ಎಂದರು. ಮೂರು ದಿನ ಆ ಹೆಣ್ಣುಮಗಳು ಆಸ್ಪತ್ರೆಗೂ ಬ್ಯಾಂಕಿಗೂ ಓಡಾಡಿದಳು. ನಾಲ್ಕನೇ ದಿನ ಆಪ್‌ನವರಿಂದ ಯುಟಿಆರ್ ನಂಬರ್ ಬರವಣಿಗೆಯಲ್ಲಿ ಪಡೆದು ಶಾಖೆಗೆ ಕೊಟ್ಟ ಮೇಲೆ ವಿಷಯ ಬೆಳಕಿಗೆ ಬಂತು: ಹಣ ಬಂದಿತ್ತು, ಹೆಸರಿನ ಸ್ಪೆಲ್ಲಿಂಗ್ ಪಾಸ್‌ಬುಕ್ಕಿನ ಜೊತೆ ತಾಳೆಯಾಗದೆ ತಡೆಹಿಡಿದಿದ್ದರು. ಮುಹಮ್ಮದ್ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆ ಎಂಬುದು ನಮಗೆಲ್ಲ ಗೊತ್ತು. ಪಾಸ್‌ಪೋರ್ಟಿನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಮೊದಲ ದಿನ ಫೋನ್ ಎತ್ತಿದವರೇ ಈ ಒಂದು ಮಾತು ಹೇಳಿದ್ದರೆ ಆ ಕುಟುಂಬದ ಮೂರು ದಿನ ಉಳಿಯುತ್ತಿತ್ತು.

ಇನ್ನೊಂದು ಸಾಮಾನ್ಯ ತೊಂದರೆ ಊರಿನ ಸಿಮ್ ಕಾರ್ಡಿನದು. ಸಿಮ್ ಬಂದ್ ಆದರೆ ಒಟಿಪಿ ಇಲ್ಲ, ಒಟಿಪಿ ಇಲ್ಲದಿದ್ದರೆ ಬ್ಯಾಂಕ್ ಆಪ್ ಇಲ್ಲ. ನಂಬರ್ ಬದಲಾಯಿಸಿ ಎಂದರೆ ಕಸ್ಟಮರ್ ಕೇರ್‌ನ ಉತ್ತರ ಒಂದೇ: “ಹೋಮ್ ಬ್ರಾಂಚಿಗೆ ಬನ್ನಿ.” ಜುಬೈಲಿನಲ್ಲಿ ಕೂತವನು ವಿಟ್ಲದ ಶಾಖೆಗೆ ಹೋಗುವುದು ಹೇಗೆ ಮಾರಾಯ್ರೆ? ಇಲ್ಲಿ ಮುಂಜಾಗ್ರತೆಯೇ ಮದ್ದು. ಟ್ರಾಯ್ ನಿಯಮದಂತೆ 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಮಾತ್ರ ಪ್ರಿಪೇಯ್ಡ್ ನಂಬರ್ ರದ್ದು ಮಾಡಬಹುದು. ಬ್ಯಾಲೆನ್ಸಿನಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿತ ಮಾಡಿ ನಂಬರ್ ಉಳಿಸುವ ವ್ಯವಸ್ಥೆಯೂ ಇದೆ. ಎನ್‌ಪಿಸಿಐ 2023ರ ಜನವರಿಯಲ್ಲಿ 10 ದೇಶಗಳ ಮೊಬೈಲ್ ನಂಬರಿನಲ್ಲೇ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗಳಿಗೆ ಯುಪಿಐ ಬಳಸಲು ಅವಕಾಶ ಕೊಟ್ಟಿತು. ಸೌದಿ, ಯುಎಇ, ಕತಾರ್, ಒಮಾನ್ ಆ ಪಟ್ಟಿಯಲ್ಲಿವೆ. ಮುಂದಿನ ಸಲ ರಜೆಯಲ್ಲಿ ಹೋದಾಗ ಮದುವೆ, ಮನೆ ಕೆಲಸಗಳ ನಡುವೆ ಒಂದು ಬೆಳಗ್ಗೆ ಬ್ಯಾಂಕಿಗೆ ಹೋಗಿ ಇಲ್ಲಿಯ ನಂಬರ್ ಸೇರಿಸಲು ಆಗುತ್ತದೆಯೇ ಎಂದು ಕೇಳಿ. ಹೆಸರಿನ ಸ್ಪೆಲ್ಲಿಂಗನ್ನೂ ಅವತ್ತೇ ಸರಿಪಡಿಸಿಕೊಳ್ಳಿ.

ಇಂಥ ಅನುಭವ ನಮ್ಮ ಜಿಲ್ಲೆಗಳವರಿಗೆ ಸ್ವಲ್ಪ ಹೆಚ್ಚೇ ನೋಯುತ್ತದೆ. ಬ್ಯಾಂಕುಗಳ ತೊಟ್ಟಿಲು ಎಂದು ಕರೆಸಿಕೊಂಡ ಊರು ನಮ್ಮದು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಯೋಜನೆ ಶುರು ಮಾಡಿದಾಗ ಏಜೆಂಟರು ದಿನಕ್ಕೆ ಎರಡಾಣೆಗಾಗಿ ಬಡವರ ಮನೆ ಬಾಗಿಲಿಗೆ ಬರುತ್ತಿದ್ದರು. ಓದು ಬಾರದ ನಮ್ಮ ಉಮ್ಮಂದಿರಿಗೂ ಪಿಗ್ಮಿಯವರ ಗುರುತಿತ್ತು. ವಿಜಯಾ ಬ್ಯಾಂಕ್ 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಂದಿಗೆ ವಿಲೀನವಾದವು. 2021ರಲ್ಲಿ ಅವುಗಳ ಹಳೆಯ ಐಎಫ್‌ಎಸ್‌ಸಿ ಕೋಡುಗಳೂ ನಿಂತವು. ವಿಲೀನ ಸರಿಯೇ ತಪ್ಪೇ ಎಂಬುದು ಬೇರೆ ಚರ್ಚೆ. ಎರಡಾಣೆಗೆ ಮನೆಗೆ ಬರುತ್ತಿದ್ದ ಬ್ಯಾಂಕಿಂಗ್ ಕ್ಷೇತ್ರ ಇವತ್ತು ಲಕ್ಷ ರೂಪಾಯಿಯ ಗಿರಾಕಿಗೂ ಒಬ್ಬ ಮನುಷ್ಯನನ್ನು ಮಾತಿಗೆ ಕೊಡುವುದಿಲ್ಲ ಎಂಬುದೇ ನಮ್ಮ ಕೊರಗು.

ಉತ್ತರ ಸಿಗದ ಈ ಜಾಗದಲ್ಲೇ ಕಳ್ಳರು ಅಂಗಡಿ ತೆರೆದಿದ್ದಾರೆ. ಆಪ್‌ನಲ್ಲಿ ಫೋನ್ ನಂಬರ್ ಸಿಗದಿದ್ದಾಗ ಜನ ಏನು ಮಾಡುತ್ತಾರೆ? ಗೂಗಲ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಸಿಗುವ “ಕಸ್ಟಮರ್ ಕೇರ್” ನಂಬರುಗಳಲ್ಲಿ ವಂಚಕರದ್ದೂ ಇರುತ್ತವೆ. ಅವರು ಒಂದೇ ರಿಂಗಿಗೆ ಎತ್ತುತ್ತಾರೆ, ಬಹಳ ವಿನಯದಿಂದ ಮಾತಾಡುತ್ತಾರೆ, ಸ್ಕ್ರೀನ್ ಕಾಣುವ ಆಪ್ ಒಂದನ್ನು ಹಾಕಿಸುತ್ತಾರೆ, ಕೊನೆಗೆ ಒಟಿಪಿ ಕೇಳುತ್ತಾರೆ. ನಂಬರನ್ನು ಕಾರ್ಡಿನ ಹಿಂಬದಿಯಿಂದ, ಪಾಸ್‌ಬುಕ್ಕಿನಿಂದ ಅಥವಾ ಸಂಸ್ಥೆಯ ಸ್ವಂತ ಆಪ್‌ನಿಂದ ಮಾತ್ರ ತೆಗೆದುಕೊಳ್ಳಿ. ಒಟಿಪಿ ಕೇಳಿದವನು ಯಾರೇ ಆಗಿರಲಿ, ಆ ಕ್ಷಣವೇ ಫೋನ್ ಇಡಿ.

ಹಣ ಹೋಗಿಯೇ ಬಿಟ್ಟಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ. ತಕ್ಷಣ ಬ್ಯಾಂಕಿಗೆ ತಿಳಿಸಿ. ಊರಿನಲ್ಲಿರುವವರಿಂದ 1930ಕ್ಕೆ ಕರೆ ಮಾಡಿಸಿ, ಇದು ಸೈಬರ್ ವಂಚನೆಯ ಸಹಾಯವಾಣಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ತಪ್ಪು ಬ್ಯಾಂಕಿನದ್ದೂ ಅಲ್ಲ, ಗ್ರಾಹಕನದ್ದೂ ಅಲ್ಲ ಎಂದಾದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ಯಾವ ಹೊಣೆಯೂ ಇಲ್ಲ. ನಾವೇ ಒಟಿಪಿ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಹಾಗಾಗಿ ತಿಳಿಸಿದ ದಿನ ಮತ್ತು ಗಂಟೆಗೆ ದಾಖಲೆ ಇರಲೇಬೇಕು.

ನಾವು ಮುಖ್ಯವಾಗಿ ಹೇಳಬೇಕಾಗಿರುವುದು ಇದನ್ನೇ. ಲೆಕ್ಕ ಬರೆಯುವ ಕೆಲಸದಲ್ಲಿ ವೋಚರ್ ಇಲ್ಲದೆ ಎಂಟ್ರಿ ಹಾಕುವ ಹಾಗಿಲ್ಲ. ದೂರಿಗೂ ಅದೇ ನಿಯಮ. ಹತ್ತು ಸಲ ಫೋನ್ ಮಾಡಿ ಬೈದರೂ ಕಾಗದದ ಮೇಲೆ ಏನೂ ಉಳಿಯುವುದಿಲ್ಲ. ದಿನಾಂಕ, ಮೊತ್ತ, ಟ್ರಾನ್ಸಾಕ್ಷನ್ ನಂಬರ್, ಆದ ತೊಂದರೆ, ನಮಗೆ ಬೇಕಾದ ಪರಿಹಾರ, ಇಷ್ಟನ್ನು ಐದಾರು ಸಾಲಿನಲ್ಲಿ ಬರೆದು ಈಮೇಲ್ ಮಾಡಿ. ಸ್ಕ್ರೀನ್‌ಶಾಟ್ ಸೇರಿಸಿ. ದೂರಿನ ನಂಬರ್ ಕೇಳಿ ಪಡೆಯಿರಿ. ಆ ನಂಬರ್ ಸಿಕ್ಕ ದಿನದಿಂದ ಗಡಿಯಾರ ಅವರ ಮೇಲೆ ಓಡಲು ಶುರುವಾಗುತ್ತದೆ.

ಬ್ಯಾಂಕಿನವರು 30 ದಿನದೊಳಗೆ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಾಗಿಲು ತೆರೆದಿದೆ. 2021ರ ನವೆಂಬರ್ 12ರಂದು ಇದಕ್ಕಾಗಿ ಒಂದೇ ಸಮಗ್ರ ಯೋಜನೆ ಜಾರಿಗೆ ಬಂತು. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ಎಂಬ ತಾಣದಲ್ಲಿ ಕ್ಯಾಂಪಿನ ಮಂಚದ ಮೇಲೆ ಕೂತೇ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಊರಿನವರು 14448ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು. ಎಟಿಎಂನಲ್ಲಿ ಹಣ ಬಾರದೆ ಖಾತೆಯಿಂದ ಕಡಿತವಾದರೆ ಐದು ದಿನದೊಳಗೆ ತಾನಾಗಿ ವಾಪಸ್ ಹಾಕಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರಲ್ಲೇ ಹೇಳಿದೆ. ಊರಿನಲ್ಲಿರುವ ಹೆಂಡತಿಗೆ, ಉಮ್ಮನಿಗೆ ಇದು ಗೊತ್ತಿರಲಿ.

ಇಲ್ಲಿಯ ಬ್ಯಾಂಕು, ಎಕ್ಸ್‌ಚೇಂಜುಗಳ ವಿಷಯದಲ್ಲೂ ದಾರಿ ಇದೇ. ಮೊದಲು ಆ ಸಂಸ್ಥೆಗೆ ಬರೆದು ನಂಬರ್ ಪಡೆಯಬೇಕು, ನಂತರ ಸೌದಿಯಲ್ಲಾದರೆ ಸೆಂಟ್ರಲ್ ಬ್ಯಾಂಕ್ ಆದ ಸಾಮಾಕ್ಕೆ ದೂರು ಕೊಡಬಹುದು. ಯುಎಇಯಲ್ಲಿ ಬ್ಯಾಂಕ್ ಮತ್ತು ವಿಮೆಯ ದೂರುಗಳಿಗೆ ಸನದಕ್ ಎಂಬ ಪ್ರತ್ಯೇಕ ವ್ಯವಸ್ಥೆ ಇದೆ.

ಊರಿಗೆ ಉಡುಗೊರೆ ಕಳುಹಿಸಲು ಆನ್‌ಲೈನ್ ಖರೀದಿ ಮಾಡಿ ಕೈಸುಟ್ಟುಕೊಂಡವರಿಗೂ ಕಾನೂನಿದೆ. ಭಾರತದ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದೆ ಎಂದು ಹೇಳಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ, 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಟಿಕೆಟ್ ವಿಷಯದಲ್ಲಿ ಪೋರ್ಟಲ್‌ನವರು ವಿಮಾನ ಕಂಪೆನಿಯತ್ತ, ಕಂಪೆನಿಯವರು ಪೋರ್ಟಲ್‌ನತ್ತ ಬೆರಳು ತೋರಿಸುವುದು ಮಾಮೂಲು. ಏಜೆಂಟರ ಮೂಲಕ ಕೊಂಡ ಟಿಕೆಟಿಗೂ ಹಣ ಮರಳಿಸುವ ಹೊಣೆ ವಿಮಾನ ಕಂಪೆನಿಯದ್ದೇ ಎಂದು ಭಾರತದ ಡಿಜಿಸಿಎ ನಿಯಮ ಹೇಳುತ್ತದೆ. ಭಾರತೀಯ ಕಂಪೆನಿಯಾದರೆ ಇಬ್ಬರಿಗೂ ಒಂದೇ ಈಮೇಲ್ ಕಳುಹಿಸಿ, ಆ ನಿಯಮವನ್ನು ಅದರಲ್ಲೇ ನೆನಪಿಸಿ.

ಒಂದು ವಿನಂತಿ. ಫೋನ್ ಎತ್ತಿದ ಹುಡುಗ ಹುಡುಗಿಯರನ್ನು ಬೈಯಬೇಡಿ. ಅವರೂ ನಮ್ಮ ಹಾಗೆ ಸಂಬಳಕ್ಕೆ ದುಡಿಯುವವರು. ಬೆಂಗಳೂರು, ಮಂಗಳೂರಿನ ಕಾಲ್ ಸೆಂಟರುಗಳಲ್ಲಿ ನಮ್ಮದೇ ಊರಿನ ಮಕ್ಕಳು ರಾತ್ರಿ ಪಾಳಿ ಮಾಡುತ್ತಿದ್ದಾರೆ. ಏನು ಹೇಳಬೇಕು, ಎಷ್ಟು ನಿಮಿಷ ಮಾತಾಡಬೇಕು ಎಂಬುದನ್ನು ಮೇಲಿನವರು ಬರೆದುಕೊಟ್ಟಿರುತ್ತಾರೆ. ಬಿಸಿ ಮುಟ್ಟಬೇಕಾದದ್ದು ಆ ಮೇಲಿನವರಿಗೆ. ಅಲ್ಲಿಗೆ ತಲುಪುವುದು ಬೈಗುಳವಲ್ಲ, ಬರೆದ ದೂರು.

ಬ್ಯಾಂಕುಗಳನ್ನೂ ಕಂಪೆನಿಗಳನ್ನೂ ನಾವು ಕೇಳುವುದು ದೊಡ್ಡದೇನಲ್ಲ. ವಿದೇಶದಿಂದ ಸಿಗುವ ಒಂದು ನಂಬರ್ ಕೊಡಿ. ಅದರಲ್ಲಿ ಕನ್ನಡ ಇರಲಿ. ನಮ್ಮ ಶುಕ್ರವಾರದ ಸಂಜೆಗೆ ಒಬ್ಬ ಮನುಷ್ಯ ಮಾತಿಗೆ ಸಿಗಲಿ. ನಂಬರ್ ಬದಲಾವಣೆಯಂಥ ಕೆಲಸಕ್ಕೆ ಎರಡು ಸಾವಿರ ಮೈಲು ಹಾರಿ ಬನ್ನಿ ಎನ್ನಬೇಡಿ. ಅನಿವಾಸಿಗಳ ಠೇವಣಿ ಬೇಕು ಎನ್ನುವವರಿಗೆ ಅನಿವಾಸಿಗಳ ಮಾತೂ ಬೇಕಲ್ಲವೇ? ಇದೇ ಮಾತು ಟ್ರಾವೆಲ್ಸ್, ಕಾರ್ಗೋ, ಮೊಬೈಲ್ ಅಂಗಡಿ ನಡೆಸುವ ನಮ್ಮ ಸಹೋದರರಿಗೂ ಸಲ್ಲುತ್ತದೆ. ಹಣ ಪಡೆಯುವಾಗ ಎತ್ತಿದ ಫೋನನ್ನು ತೊಂದರೆಯಾದಾಗಲೂ ಎತ್ತುವುದು ವ್ಯಾಪಾರದ ಅಮಾನತ್.

ಓದು ಬರಹ ಬಲ್ಲ ಸದಸ್ಯರು ತಮ್ಮ ಕ್ಯಾಂಪಿನಲ್ಲಿ, ಫ್ಲಾಟಿನಲ್ಲಿ ಇಂಗ್ಲಿಷ್ ಬರೆಯಲು ಹಿಂಜರಿಯುವ ಒಬ್ಬ ಸಹೋದರನ ದೂರನ್ನಾದರೂ ಈ ತಿಂಗಳು ಬರೆದುಕೊಡಲಿ. ಅರ್ಧ ಗಂಟೆಯ ಕೆಲಸ. ಬರೆಯುವವರು ಸಿಗದಿದ್ದರೆ ಕಾಗದ ಪತ್ರ, ಸ್ಕ್ರೀನ್‌ಶಾಟ್ ಸಮೇತ ನಮ್ಮ ಸೇವಾ ವಿಭಾಗಕ್ಕೆ ಬನ್ನಿ. ಪಾಸ್‌ವರ್ಡ್, ಪಿನ್, ಒಟಿಪಿ ನಮಗೂ ಹೇಳಬೇಡಿ. ಕಳೆದ ವರ್ಷ “ಹೋಗಲಿ ಬಿಡು” ಎಂದು ಕೈಬಿಟ್ಟ ಮೊತ್ತ ನಿಮ್ಮದು ಯಾವುದಾದರೂ ಇದ್ದರೆ, ಮೊದಲ ಈಮೇಲ್ ಅದರದ್ದೇ ಆಗಲಿ.

- ಸಂಪಾದಕೀಯ ಬಳಗ