ನನ್ನ ಮಗಳ ತಲೆ ಯಾವ ಜನ್ಮದ ಪಾಪವೂ ಅಲ್ಲ. ಆ ಫೋಟೋ ಮೊದಲು ಡಿಲೀಟ್ ಮಾಡ್ರಿ



ಪೋಸ್ಟ್ ಉದ್ದ ಆಗ್ತದ. ಅರ್ಧಕ್ಕ ಬಿಡಬ್ಯಾಡ್ರಿ, ಪೂರಾ ಓದ್ರಿ.

ನಾಲ್ಕು ದಿನದಿಂದ ನಮ್ಮ ರಾಯಬಾಗ, ಅಥಣಿ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಕೂಸಿನ ಫೋಟೋ ಓಡಾಡಾಕತ್ತೇತಿ. ತಲೆ ದೊಡ್ಡದಾಗಿದೆ, ಕಣ್ಣು ಕೆಳಕ್ಕೆ ಇಳಿದಿವೆ, ಮೈಮೇಲೆ ಬಟ್ಟೆ ಇಲ್ಲ. ಕೆಳಗೆ ಬರೆದದ್ದು: "ಕಲಿಯುಗದ ವಿಚಿತ್ರ ಶಿಶು. ಹಿಂದಿನ ಜನ್ಮದ ಪಾಪ. ಹತ್ತು ಮಂದಿಗೆ ಕಳಿಸಿರಿ, ಒಳ್ಳೇದಾಗ್ತದ."

ಮನುವಾದಿಗಳ ಗ್ರೂಪ್‌ನಾಗ ಬಂದಿದ್ರ ನಾನು ಆಶ್ಚರ್ಯ ಪಡ್ತಿರಲಿಲ್ಲ. ಬಾಬಾಸಾಹೇಬರ ಡಿಪಿ ಇರೋ ನಮ್ಮದೇ ಗ್ರೂಪ್‌ನಾಗ ಬಂತು. ನಮ್ಮವರೇ ಕೈ ಮುಗಿಯೋ ಇಮೋಜಿ ಹಾಕಿದ್ರು. "ಈ ಕೂಸಿಗೆ ಡಾಕ್ಟರ್ ತೋರಿಸ್ಯಾರೇನು?" ಅಂತ ಒಬ್ಬರೂ ಕೇಳಲಿಲ್ಲ.

ನನ್ನ ಮಗಳಿಗೂ ಇದೇ ಕಾಯಿಲೆ. ಇದುವರೆಗೆ ಇಲ್ಲಿ ಬರೆದಿರಲಿಲ್ಲ. ನಾಚಿಕೆಯಿಂದಲ್ಲ, ಅವಳ ಫೋಟೋ ಕೇಳ್ತೀರಿ ಅನ್ನೋ ಅಂಜಿಕೆಯಿಂದ. ಈಗಲೂ ಫೋಟೋ ಹಾಕೋದಿಲ್ಲ.

ಮೊದಲು ಕಾಯಿಲೆ ಏನಂತ ತಿಳಕೋರಿ. ಡಾಕ್ಟರ್ ಭಾಷೆಯಲ್ಲಿ ಹೈಡ್ರೋಸೆಫಾಲಸ್, ನಮ್ಮ ಮಾತಿನಾಗ ತಲಿಯೊಳಗ ನೀರು ನಿಲ್ಲೋದು. ಮಿದುಳಿನ ಒಳಗೆ ಸಣ್ಣ ಕೋಣೆಗಳಿವೆ. ಅಲ್ಲಿ ನೀರಿನಂಥ ದ್ರವ ಸದಾ ಹುಟ್ಟುತ್ತಿರುತ್ತದೆ, ದೊಡ್ಡವರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್. ಅದು ಮಿದುಳು, ಬೆನ್ನುಹುರಿ ಸುತ್ತಿ ಬಂದು ರಕ್ತಕ್ಕೆ ಸೇರುತ್ತದೆ. ಹರಿಯುವ ದಾರಿ ಕಟ್ಟಿದರೆ ಒಳಗೇ ನಿಂತು ಮಿದುಳನ್ನು ಒತ್ತುತ್ತದೆ. ನೀರು ಹರಿದುಹೋಗೋ ದಾರಿ ಕಟ್ಟಿ ನಮ್ಮ ಕಡೆ ಹೊಲ ಸವಳು-ಜವಳು ಆಗ್ತಾವಲ್ಲ, ಹಂಗ. ಕೂಸಿನ ತಲೆಬುರುಡೆಯ ಎಲುಬು ಇನ್ನೂ ಕೂಡಿರುವುದಿಲ್ಲ, ಅದಕ್ಕೇ ತಲೆ ಹಿಗ್ಗುತ್ತದೆ.

ಕೆಲವು ಕೂಸುಗಳಿಗೆ ದಾರಿ ಹುಟ್ಟಿನಿಂದಲೇ ಕಿರಿದು. ಕೆಲವಕ್ಕೆ ಬೆನ್ನುಹುರಿಯ ದೋಷದ ಜೊತೆ ಬರುತ್ತದೆ. ಕೆಲವಕ್ಕೆ ಹುಟ್ಟಿದ ಮೇಲೆ ಮಿದುಳು ಜ್ವರದಿಂದ, ದಿನ ತುಂಬದೆ ಹುಟ್ಟಿದ ಕೂಸಿನ ಮಿದುಳಿನಲ್ಲಿ ರಕ್ತ ಒಸರಿದ್ದರಿಂದ. ಈ ಪಟ್ಟಿಯೊಳಗ "ಪಾಪ" ಅನ್ನೋ ಶಬ್ದ ಎಲ್ಲೂ ಇಲ್ಲ. ಗ್ರಹಣ ಇಲ್ಲ. ತಾಯಿಯ ನಡತೆ ಇಲ್ಲ.

ನನ್ನ ಮಗಳದ್ದು ಹೇಳ್ತೀನಿ. ಹುಟ್ಟಿದಾಗ ಎಲ್ಲಾ ಸರಿ ಇತ್ತು. ನಮ್ಮ ಅತ್ತಿ ಹೊಲಿದ ಕುಲಾಯಿ ಎರಡನೇ ತಿಂಗಳಿಗೇ ಬಿಗಿ ಆತು. "ತಲಿ ದೊಡ್ಡದು, ಶ್ಯಾಣ್ಯಾಕಿ ಆಗ್ತಾಳ" ಅಂತ ಕೇರಿಯವರು ನಕ್ಕರು. ದಿನಾ ನೆತ್ತಿಗೆ ಎಣ್ಣೆ ಒತ್ತುತ್ತಿದ್ದ ಅತ್ತಿಗೇ ಮೊದಲು ಗೊತ್ತಾದದ್ದು. "ಯವ್ವಾ, ನೆತ್ತಿ ತಗ್ಗು ಇರಬೇಕು, ಉಬ್ಬೇತಿ ನೋಡು" ಅಂದ್ಲು. ಓದು ಬರೆಯಲು ಬಾರದ ಆಕೆಯ ಅಂಗೈ ಹಿಡಿದದ್ದನ್ನು ಎರಡು ತಿಂಗಳು ಯಾವ ದವಾಖಾನೆಯೂ ಹಿಡಿಯಲಿಲ್ಲ. ಲಸಿಕೆಗೆ ಹೋದಾಗೆಲ್ಲ ತೂಕ ಮಾಡಿದ್ರು. ತಲೆಗೆ ಟೇಪು ಹಿಡಿಯಲಿಲ್ಲ.

ಆಮೇಲೆ ಸುರುವಾತು ಸಲಹೆ. ಚಿಂಚಲಿ ಮಾಯಕ್ಕಗ ಹರಕಿ ಹೊರು. ಕೊಕಟನೂರ ಯಲ್ಲಮ್ಮಗ ಒಪ್ಪಿಸು. ಬರಿ ಹಾಕಸು. ಗ್ರಹಣದಾಗ ಹೊರಗ ಬಂದಿದ್ದಿ ಏನು? ಮೀಟಿಂಗ್, ಹೋರಾಟ ಅಂತ ಬಸುರಿ ಇದ್ದಾಗ ತಿರುಗಿದಿ, ಅನುಭೋಗಸು. ಕೊನೆಗೆ ಊರ ದೊಡ್ಡವರೊಬ್ಬರು ಬಸ್ ಸ್ಟ್ಯಾಂಡಿನಾಗ, ಹತ್ತು ಮಂದಿ ಮುಂದ, ನಗುತ್ತ ಹೇಳಿದ್ರು: "ನಿಮ್ಮ ಮಂದಿಗೆ ಸೊಕ್ಕು ತಲಿಗೇರೇತಿ, ಅದಕ್ಕ ಕೂಸಿನ ತಲಿ ಹಂಗಾಗೇತಿ."

ಯಲ್ಲಮ್ಮಗ ಒಪ್ಪಿಸು ಅನ್ನೋ ಮಾತು ನನಗ ಬರೇ ಮಾತಲ್ಲ. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದ ಸೀಮೆ ಇದು. ರೋಗ ಬಂದ್ರೂ ಒಪ್ಪಿಸು, ಜಡಿ ಬಂದ್ರೂ ಒಪ್ಪಿಸು. ಒಪ್ಪಿಸಿದ್ದು ಯಾರ ಕೇರಿಯ ಹುಡುಗಿಯರನ್ನ ಅಂತ ನಿಮಗ ಗೊತ್ತೈತಿ. 1982ರ ದೇವದಾಸಿ ನಿಷೇಧ ಕಾಯ್ದೆ ಅದಕ್ಕೇ ಬಂತು.

ಪಾಪದ ಮಾತಿಗೆ ಬರ್ತೀನಿ. ನಾವು ಯಾಕೆ ಊರ ಹೊರಗೆ ಹುಟ್ಟಿದೆವು ಅಂತ ಕೇಳಿದಾಗ ಅವರು ಕೊಟ್ಟ ಉತ್ತರ ಏನು? ಹಿಂದಿನ ಜನ್ಮದ ಕರ್ಮ. ನನ್ನ ಮಗಳ ತಲೆ ಯಾಕೆ ಹಿಗ್ಗಿತು ಅಂದ್ರ ಅದೇ ಉತ್ತರ. ಒಂದನ್ನ ಸುಟ್ಟು ಇನ್ನೊಂದನ್ನ ಮನ್ಯಾಗ ಇಟಗೊಳ್ಳಾಕ ಬರೋದಿಲ್ಲ. "ಬುದ್ಧ ಮತ್ತು ಆತನ ಧಮ್ಮ"ದಲ್ಲಿ ಬಾಬಾಸಾಹೇಬರು ಹಿಂದಿನ ಜನ್ಮದ ಕರ್ಮ ಈ ಜನ್ಮಕ್ಕೆ ಬರುತ್ತದೆ ಅನ್ನುವುದನ್ನು ಬುದ್ಧನ ಮಾತಲ್ಲ ಅಂತ ತಳ್ಳಿಹಾಕಿದರು. ಆ ಪುಸ್ತಕ ನಮ್ಮ ಎಷ್ಟೋ ಮನೆಗಳಲ್ಲಿದೆ. ಓದದಿದ್ರ ಕಪಾಟಿಗೆ ಅದು ಬರೇ ಭಾರ.

ಈ ಮೂಢನಂಬಿಕೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನೋಡಿಲ್ಲೇನು? 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜ್ ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು, ಗುಣ ಆಗ್ತದ ಅಂತ ಹೇಳಿ, ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಮಕ್ಕಳು ಅಳುತ್ತಿದ್ದವು. ತಾಯಂದಿರು ಕ್ರೂರಿಗಳಾಗಿರಲಿಲ್ಲ. ಅವರ ಹತ್ತಿರ ಮಣ್ಣು ಇತ್ತು, ಡಾಕ್ಟರ್ ಇರಲಿಲ್ಲ.

ಡಾಕ್ಟರ್ ಹತ್ತಿರ ನಾವು ಹೋದೆವು. ಹೆಸರು ಬರೆಯೋದಿಲ್ಲ. ಒಂದು ಕಡೆ ಕಾರ್ಡ್ ನಡೆಯೋದಿಲ್ಲ ಅಂದ್ರು. ಇನ್ನೊಂದು ಕಡೆ ರೆಫರಲ್ ಚೀಟಿ ತಗೊಂಡು ಬರ್ರಿ ಅಂದ್ರು. ಒಬ್ಬ ಡಾಕ್ಟರ್ ನನ್ನ ಅಡ್ಡಹೆಸರು ಕೇಳಿ, ನಮ್ಮ ಊರು ಕೇಳಿ, ಆಮೇಲೆ ಹೇಳಿದ್ದು: "ಹೆಣ್ಣು ಕೂಸು, ಅದೂ ಹಿಂಗ. ಯಾಕ ಸಾಲ ಮಾಡ್ತೀರಿ, ಇನ್ನೊಂದು ಹಡೀರಿ." ನನ್ನ ಮಗಳು ಆಗ ನನ್ನ ತೊಡಿ ಮ್ಯಾಲೇ ಇದ್ಲು. ಆಕಿಗೆ ತಿಳಿಯಲಿಲ್ಲ. ನನಗ ತಿಳೀತು.

ನಾಲ್ಕನೇ ತಿಂಗಳಿಗೆ ಬ್ಯಾರೆ ಕಡೆ ಆಪರೇಶನ್ ಆತು. ತಲೆಯ ಒಳಗಿಂದ ಒಂದು ಸಣ್ಣ ನಳಿಗೆ, ಕಿವಿಯ ಹಿಂದೆ ಒಂದು ವಾಲ್ವ್, ಅಲ್ಲಿಂದ ಕುತ್ತಿಗೆಯ ಚರ್ಮದ ಕೆಳಗೆ ಇಳಿದು ಹೊಟ್ಟೆಯವರೆಗೆ. ಹೆಚ್ಚಾದ ನೀರು ಹೊಟ್ಟೆಗೆ ಹೋಗಿ ಅಲ್ಲೇ ಹೀರಿಕೊಳ್ಳುತ್ತದೆ. ಇದಕ್ಕೆ ಶಂಟ್ ಅಂತಾರೆ. ಶಂಟ್ ಹಾಕಿದ್ರ ಮುಗೀತು ಅಲ್ಲ. ನೂರು ಮಕ್ಕಳಲ್ಲಿ ಸುಮಾರು 40 ಮಕ್ಕಳಿಗೆ ಮೊದಲ ವರ್ಷದಲ್ಲೇ ಅದು ಕಟ್ಟುತ್ತದೆ ಅಥವಾ ಸೋಂಕು ಹತ್ತುತ್ತದೆ. ನನ್ನ ಮಗಳಿಗೆ ಹನ್ನೊಂದನೇ ತಿಂಗಳಿಗೆ ಕಟ್ಟಿತು. ಎರಡು ಸಲ ವಾಂತಿ, ಮಂಪರು, ಎತ್ತಿಕೊಂಡ್ರ ಚೀರಿ ಅಳೋದು. ಹಲ್ಲು ಬರಾಕತ್ತಾವ ಅಂದ್ರು ಎಲ್ಲಾರೂ. ನಾನು ನೆತ್ತಿ ಮುಟ್ಟಿ ನೋಡಿದೆ. ಆ ರಾತ್ರಿ ಕಬ್ಬಿನ ಗ್ಯಾಂಗ್‌ನಲ್ಲಿದ್ದ ಮನಿಯವರಿಗೆ ಫೋನ್ ಹತ್ತಲಿಲ್ಲ. ಅತ್ತಿ, ನಾನು, ನೆರೆಮನಿಯವರ ಟಂಟಂ. ಎರಡನೇ ಆಪರೇಶನ್. ಈಗ ಎರಡೂವರೆ ವರ್ಷ. ಗೋಡೆ ಹಿಡಿದು ನಿಲ್ತಾಳ. "ಅವ್ವಾ" ಅಂತಾಳ. ಒಂದು ಕಣ್ಣು ಸ್ವಲ್ಪ ವಾರೆ. ಸಿಟ್ಟು ಮಾತ್ರ ನನ್ನದೇ.

ಇಷ್ಟು ಬರೆದದ್ದು ಅಯ್ಯೋ ಅನಿಸಿಕೊಳ್ಳಾಕ ಅಲ್ಲ. ಈಗ ಲೆಕ್ಕ ಕೇಳ್ತೀನಿ.

ರೊಕ್ಕ ಇಲ್ಲ ಅಂತಾರ. ಉತ್ತರ ಪ್ರದೇಶದ ಶಹಜಹಾನಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್ ಅಂತ ಒಂದಿದೆ. ಉಗಾಂಡಾದ ಮಕ್ಕಳಿಗೆ ಅದನ್ನೂ ಅಮೆರಿಕದ ಕಂಪನಿಯ ಶಂಟನ್ನೂ ಹಾಕಿ ಹೋಲಿಸಿ ನೋಡಿದರು. ಒಂದರ ಬೆಲೆ ಸುಮಾರು 35 ಡಾಲರ್, ಇನ್ನೊಂದರದ್ದು 650. ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. 2005ರಲ್ಲೇ ಪ್ರಕಟವಾದ ಮಾತು ಇದು. ಅಂದ್ರ ನಮ್ಮ ಮಕ್ಕಳು ಸಾಯ್ತಿರೋದು ನಳಿಗೆ ತುಟ್ಟಿ ಅಂತ ಅಲ್ಲ. ಟೇಪು ಹಿಡಿಯೋರು ಇಲ್ಲ, ದಾರಿ ತೋರಿಸೋರು ಇಲ್ಲ, ನರಶಸ್ತ್ರಚಿಕಿತ್ಸಕರು ತಾಲೂಕಾ ಆಸ್ಪತ್ರೆಯೊಳಗ ಇಲ್ಲ, ಹೋಗಿ ಬರೋ ದಿನಗಳ ಕೂಲಿ ಕೊಡೋರು ಇಲ್ಲ. ಅದಕ್ಕ ಸಾಯ್ತಾವ.

ಯೋಜನೆ ಇಲ್ಲೇನು? ಅದಾವ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ, ಹುಟ್ಟಿನಿಂದ 18 ವರ್ಷದವರೆಗೆ ತಪಾಸಣೆ ಮಾಡಿ ಚಿಕಿತ್ಸೆಗೆ ಕಳಿಸಬೇಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಆದ್ರ ಆ ಕಾಯ್ದೆಯ 21 ಬಗೆಯ ಪಟ್ಟಿಯಲ್ಲಿ ಈ ಕಾಯಿಲೆಯ ಹೆಸರಿಲ್ಲ. ಕಾಯಿಲೆಯಿಂದ ಆದ ಊನ ಅಳೆದು, 40 ಪರ್ಸೆಂಟ್ ಮುಟ್ಟಿದರೇನೇ ದೊಡ್ಡ ಸವಲತ್ತು. ಕೂತ ಜಾಗದಲ್ಲಿ ಮಿದುಳು ಒತ್ತುತ್ತಿರುವ ಕೂಸಿಗೆ "ಇನ್ನೂ ಪರ್ಸೆಂಟ್ ಸಾಲೋದಿಲ್ಲ, ದೊಡ್ಡಾಕಿ ಆದ ಮ್ಯಾಲೆ ಬರ್ರಿ" ಅನ್ನೋದು ಯಾವ ನ್ಯಾಯ?

ನಮ್ಮ ಹೆಸರಿನ ರೊಕ್ಕ ಎಲ್ಲಿ? ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ 2013ರಲ್ಲಿ ಬಂತು. ಸಾಮಾನ್ಯ ಕಾಮಗಾರಿಯ ಖರ್ಚನ್ನೂ ನಮ್ಮ ಲೆಕ್ಕಕ್ಕೆ ಹಚ್ಚಲು ಬಿಟ್ಟಿದ್ದ 7(ಡಿ) ಕಲಂ ತೆಗೆಸಾಕ 2023ರವರೆಗೆ ಬಡಿದಾಡಿದಿವಿ. ಆ ನಿಧಿಯಿಂದ ಕೇರಿಯ ರೋಗಿ ಕೂಸಿನ ತಾಯಿಗೆ ಬಸ್ ಚಾರ್ಜು, ಆಸ್ಪತ್ರೆಯ ದಿನಗಳ ಕೂಲಿ, ಫಿಸಿಯೋಥೆರಪಿ ಕೊಡಿ ಅಂತ ನಾವು ಎಂದಾದ್ರೂ ಬೇಡಿಕೆ ಪತ್ರದಾಗ ಬರೆದೀವೇನು? ರಾಯಬಾಗ, ಕುಡಚಿ ಎರಡೂ ಮೀಸಲು ಕ್ಷೇತ್ರ. ಓಟು ಕೇಳಾಕ ಬಂದವರಿಗೆ ಇದನ್ನ ಕೇಳೀವೇನು?

"ಫೋಟೋ ಹಾಕಿದ್ರ ಸಹಾಯ ಬರ್ತದಲ್ಲ ಅಕ್ಕಾ" ಅಂತ ಒಬ್ಬ ತಮ್ಮ ಕೇಳಿದ. ಬರ್ತದ, ಒಪ್ಪತೀನಿ. 2013ರಲ್ಲಿ ತ್ರಿಪುರದ ಒಬ್ಬ ಇಟ್ಟಿಗೆ ಭಟ್ಟಿ ಕೂಲಿಯ ಮಗಳ ಫೋಟೋ ಜಗತ್ತೆಲ್ಲ ಓಡಾಡಿತು. ತಲೆಯ ಸುತ್ತಳತೆ 94 ಸೆಂಟಿಮೀಟರ್ ಆಗಿತ್ತು. ಫೋಟೋ ನೋಡಿ ದಿಲ್ಲಿ ಹತ್ತಿರದ ಖಾಸಗಿ ಆಸ್ಪತ್ರೆ ಪುಕ್ಕಟೆ ಆಪರೇಶನ್ ಮಾಡಿತು, ಪರದೇಶದಿಂದ ದೇಣಿಗೆ ಬಂತು. ತಲೆ ಇಳಿಯಿತು. 2017ರಲ್ಲಿ ಆ ಮಗು ತೀರಿಕೊಂಡಿತು. ಆಕೆಗೆ ಸಿಕ್ಕ ನಾಲ್ಕು ವರ್ಷಕ್ಕೆ ನಾನು ಕೃತಜ್ಞಳು. ಆದರೆ ತಲೆ 40 ಸೆಂಟಿಮೀಟರ್ ಇದ್ದಾಗ ಯಾರೂ ಫೋಟೋ ತೆಗೆಯಲಿಲ್ಲ, ಯಾರೂ ಅಳೆಯಲೂ ಇಲ್ಲ. ನೋಡಿದವರು ಹೌಹಾರುವಷ್ಟು ದೊಡ್ಡದಾದ ಮೇಲೇ ಸಹಾಯ ಬರೋದಾದ್ರ, ಅದು ಹಕ್ಕಲ್ಲ, ಲಾಟರಿ. ನಮ್ಮ ಮಕ್ಕಳ ಜೀವ ಲಾಟರಿಗೆ ಬಿಡಾಕ ನಾನು ತಯಾರಿಲ್ಲ.

ಈಗ ನಮ್ಮವರಿಗೆ. ಸಿಟ್ಟಾದ್ರ ಆಗ್ರಿ.

ಮಗಳು ಆಸ್ಪತ್ರೆಯಲ್ಲಿದ್ದಾಗ ಡಿಸೆಂಬರ್ 6ರ ಕಾರ್ಯಕ್ರಮಕ್ಕ ನಾನು ಬರಲಿಲ್ಲ. "ಅಕ್ಕಾರ, ಮನಿ ವಿಷಯ ಚಳವಳಿಯೊಳಗ ತರಬ್ಯಾಡ್ರಿ" ಅಂದ್ರಿ. ಅದೇ ನೀವು ಏಪ್ರಿಲ್ 14ಕ್ಕೆ ಡಾಲ್ಬಿಗೆ ಕೇರಿ ತುಂಬಾ ಪಟ್ಟಿ ಎತ್ತಿದ್ರಿ. ಒಂದು ರಾತ್ರಿಯ ಆ ಬಾಡಿಗೆಯೊಳಗ ಎಷ್ಟು ಕೂಸುಗಳಿಗೆ ಸ್ಕ್ಯಾನ್ ಆಗ್ತಿತ್ತು ಅಂತ ಲೆಕ್ಕ ಹಾಕ್ರಿ. ಜಯಂತಿ ಬ್ಯಾಡ ಅನ್ನೋದಿಲ್ಲ ನಾನು. ನೀಲಿ ಧ್ವಜದ ಕೆಳಗ ನನ್ನ ಮಗಳನ್ನೂ ಎತ್ತಿಕೊಂಡು ನಿಂತೀನಿ, ಸಪ್ಪಳಕ್ಕ ಆಕಿ ಹೆದರಿದಾಗ ಒಳಗ ಹೋಗೀನಿ.

ಮನಿ ವಿಷಯ ಅಂದವರಿಗೆ ಒಂದು ನೆನಪು ಮಾಡ್ತೀನಿ. 1925ರಲ್ಲಿ ಬಾಬಾಸಾಹೇಬರು ನಮ್ಮ ನಿಪ್ಪಾಣಿಗೆ ಬಂದು ಪರಿಷತ್ತಿನಲ್ಲಿ ಮಾತಾಡಿದರು, ಇಂದಿಗೂ ಅಭಿಮಾನದಿಂದ ಹೇಳ್ತೀವಿ. ಮರುವರ್ಷ, 1926ರಲ್ಲಿ ಅವರ ಮಗ ರಾಜರತ್ನ ತೀರಿಕೊಂಡ. ಬಾಬಾಸಾಹೇಬರು, ರಮಾಬಾಯಿ ಐದು ಮಕ್ಕಳಲ್ಲಿ ನಾಲ್ವರನ್ನು ಎಳೆತನದಲ್ಲೇ ಕಳಕೊಂಡರು. ಬಡತನದ ಮನೆಯಲ್ಲಿ ಕೂಸು ಸಾಯುವುದು ಮನಿ ವಿಷಯ ಆಗಿದ್ರ, ಈ ಚಳವಳಿ ಯಾವ ವಿಷಯದ ಮೇಲೆ ಹುಟ್ಟಿತು?

ಬಸ್ ಸ್ಟ್ಯಾಂಡಿನ ಆ ಮಾತಿಗೂ ಉತ್ತರ ಐತಿ. ನಾಲ್ಕು ಮಂದಿ ಎದುರು ಜಾತಿ ಹಿಡಿದು ಅವಮಾನ ಮಾಡಿದ್ರ ದೌರ್ಜನ್ಯ ತಡೆ ಕಾಯ್ದೆ 3(1)(ಆರ್). ಅಂಗವಿಕಲತೆ ಹಿಡಿದು ಅವಮಾನ ಮಾಡಿದ್ರ 2016ರ ಕಾಯ್ದೆಯ 92ನೇ ಕಲಂ, ಆರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ನನ್ನ ಮಗಳಿಗೆ ಎರಡೂ ಅನ್ವಯ ಆಗ್ತಾವ. ಆಕಿ ಎರಡು ಸಲ ಬೈಸಿಕೊಂಡಾಳ, ಎರಡೂ ಕಾಯ್ದೆ ಆಕಿಯವು.

ಕೆಲಸಕ್ಕ ಬರೋಣ. ಇದನ್ನ ಸ್ಕ್ರೀನ್‌ಶಾಟ್ ತೆಗೆದು ಇಟಗೋರಿ, ಇದನ್ನ ಫಾರ್ವರ್ಡ್ ಮಾಡ್ರಿ:

1. ಹುಟ್ಟಿದ ಕೂಸಿನ ತಲೆ ಸುತ್ತಳತೆ ಸಾಮಾನ್ಯವಾಗಿ 33ರಿಂದ 35 ಸೆಂಟಿಮೀಟರ್. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2, ಮುಂದಿನ ಮೂರು ತಿಂಗಳು 1, ಆಮೇಲೆ ವರ್ಷ ತುಂಬುವವರೆಗೆ ಅರ್ಧ. ಇದಕ್ಕಿಂತ ಜೋರಾಗಿ ಬೆಳೆದರೆ ತಡ ಮಾಡಬ್ಯಾಡ್ರಿ. ದರ್ಜಿ ಟೇಪು ಸಾಕು.

2. ಅಳದೇ ಕೂತಾಗಲೂ ನೆತ್ತಿ ಉಬ್ಬಿರೋದು, ತಲೆಯ ನರ ಎದ್ದು ಕಾಣೋದು, ಮುಳುಗೋ ಸೂರ್ಯನಂಗ ಕಣ್ಣು ಕೆಳಗಿಳಿಯೋದು, ಸುಮ್ಮನೆ ವಾಂತಿ, ಮಂಪರು. ಇವು ಕಂಡ್ರ ಅವತ್ತೇ ಆಸ್ಪತ್ರೆ. ಶಂಟ್ ಹಾಕಿದ ಕೂಸಿಗೆ ಜ್ವರ, ವಾಂತಿ ಬಂದ್ರೂ ಅವತ್ತೇ.

3. ಆಶಾ ಅಕ್ಕಂದಿರು ಬಾಣಂತಿ ಮನೆಗೆ ತಕ್ಕಡಿ ತರ್ತಾರ. ಟೇಪೂ ತರಲಿ. ಅದು ಅವರ ತಪ್ಪಲ್ಲ, ಅವರಿಗೆ ಕೊಡದವರ ತಪ್ಪು. ತಾಲೂಕಾ ಆರೋಗ್ಯಾಧಿಕಾರಿಗೆ ಪತ್ರ ನಾನು ಬರೀತೀನಿ, ಸಹಿ ನೀವು ಹಾಕ್ರಿ.

4. ಫೋಲಿಕ್ ಆಮ್ಲದ ಗುಳಿಗೆ ಬಸುರಿ ಅಂತ ಗೊತ್ತಾದ ಮ್ಯಾಲೆ ಕೊಡ್ತಾರ. ಬೆನ್ನುಹುರಿ ಕೂಡೋದು ಗರ್ಭ ನಿಂತ ಮೊದಲ 28 ದಿನದಾಗ. ಆ ಬಗೆಯ ದೋಷ ತಪ್ಪಿಸಬೇಕಂದ್ರ ಮೊದಲೇ ಕೊಡಬೇಕು. ಕಬ್ಬಿನ ಗ್ಯಾಂಗ್‌ಗೆ ಹೋಗೋ ಹೆಣ್ಣುಮಕ್ಕಳಿಗೆ ಉಚಲ ಕೊಡೋ ಮೊದಲು ಗುಳಿಗೆ ಕೊಡ್ರಿ.

5. ಆ ಫೋಟೋ ಡಿಲೀಟ್ ಮಾಡ್ರಿ. ಆ ಕೂಸಿನ ಮನೆ ಯಾರಿಗಾದ್ರೂ ಗೊತ್ತಿದ್ರ ನನಗೆ ಇನ್‌ಬಾಕ್ಸ್ ಮಾಡ್ರಿ. ಎಲ್ಲಿ ಹೋಗಬೇಕು, ಯಾವ ಚೀಟಿ ಬೇಕು, ಯಾವ ಸಾಲಿನಲ್ಲಿ ನಿಲ್ಲಬೇಕು ಅಂತ ನನಗೆ ಈಗ ಬಾಯಿಪಾಠ. ಜೊತೆಗೆ ನಾನೇ ಬರ್ತೀನಿ.

ಇದನ್ನ ಬರೀತಿರೋವಾಗ ಮಗಳು ಎದ್ದಾಳ. ಕಿವಿ ಹಿಂದಿನ ವಾಲ್ವ್ ಮ್ಯಾಲೆ ಬೆರಳಿಟ್ಟು ನೋಡಿದೆ. ದಿನಾ ನೋಡ್ತೀನಿ. ಆ ಫೋಟೋದ ಕೂಸಿಗೂ ಹಿಂಗ ಬೆರಳಿಡೋ ಅವ್ವ ಒಬ್ಬಾಕಿ ಇದ್ದಾಳ. ಆಕಿಗೆ ಇಮೋಜಿ ಬ್ಯಾಡ. ನಾಳೆ ಮುಂಜಾನೆ ಬಸ್ಸಿಗೆ ಜೊತೆ ಬೇಕು.

ಜೈ ಭೀಮ್.