ಹುಂಜದ ಗರಿ, ಟ್ರೌಟಿನ ಬಾಯಿ
ಈ ವಾರ ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲಿನಲ್ಲಿ ಹೋಗುವಾಗ, ರಾಜಮಹೇಂದ್ರವರದ ಸೇತುವೆ ಮೇಲೆ ಎಲ್ಲರೂ ಗೋದಾವರಿಗೆ ಕೈಮುಗಿಯುತ್ತಿದ್ದರೆ ನನಗೆ ನೆನಪಾದದ್ದು ಕೋಳಿ. ಹೆಚ್ಚುಕಡಿಮೆ ಈ ನದಿಯೇ ಗಡಿ: ದಕ್ಷಿಣಕ್ಕೆ ಬೂದು ಕಾಡುಕೋಳಿ, ಉತ್ತರಕ್ಕೆ ಕೆಂಪು ಕಾಡುಕೋಳಿ. ಬೂದು ಹುಂಜದ ಕೊರಳ ಗರಿಯಲ್ಲಿ ಅರಗು ತೊಟ್ಟಿಕ್ಕಿದಂಥ ಹಳದಿ-ಬಿಳಿ ಚುಕ್ಕೆಗಳಿವೆ. ಆ ಚುಕ್ಕೆಗಾಗಿಯೇ ಬ್ರಿಟನ್ನಿನ ಗಾಳಗಾರರು ಅದರ ತೊಗಲನ್ನು ಇಲ್ಲಿಂದ ತರಿಸಿಕೊಂಡು, ಸಾಲ್ಮನ್ ಮೀನಿಗೆಂದು ಗಾಳದ ಕೊಕ್ಕೆಗೆ ಬಣ್ಣಬಣ್ಣದ ಕೃತಕ ನೊಣ ಕಟ್ಟಿದರು. ಅಷ್ಟು ಬೆಡಗು ಮೀನಿಗೋ ಮನುಷ್ಯನಿಗೋ ಎಂಬ ಗುಮಾನಿ ನನಗಂತೂ ಇದೆ. ತಣ್ಣೀರಿನ ತೊರೆಯ ಟ್ರೌಟ್ ಹಿಡಿಯಲು ಸರಳವಾದ ನೊಣವೇ ಸಾಕೆಂದು ಸ್ಕಾಟ್ಲೆಂಡಿನ ಡಬ್ಲ್ಯು.ಸಿ. ಸ್ಟೂವರ್ಟ್ 1857ರಲ್ಲೇ ‘ದಿ ಪ್ರಾಕ್ಟಿಕಲ್ ಆಂಗ್ಲರ್’ ಪುಸ್ತಕದಲ್ಲಿ ವಾದಿಸಿದ್ದ. ಅವನ ‘ಸ್ಪೈಡರ್’ ಎಂಬ ನೊಣ ನೋಡಿ: ಕೊಕ್ಕೆಗೆ ರೇಷ್ಮೆ ದಾರ, ಅದರ ಮೇಲೆ ಕಬ್ಬಕ್ಕಿ ಜಾತಿಯ ಹಕ್ಕಿಯ ಮೆತ್ತನೆ ಗರಿಯ ಕೆಲವೇ ಸುತ್ತು, ಕೊನೆಗೊಂದು ಗಂಟು. ಮುಗಿಯಿತು! ನೀರಿಗಿಳಿದ ಮೇಲೆ ಗರಿಯ ಎಳೆಗಳು ಹರಿವಿಗೆ ತಕ್ಕಂತೆ ಬಿಚ್ಚಿ ಮುದುರುತ್ತವೆ, ಮೀನಿಗೆ ಅದು ಜೀವವಿರುವ ಹುಳುವೇ. ಆಸೆಬುರುಕನಾಗಿ ನಾಲ್ಕು ಸುತ್ತು ಹೆಚ್ಚು ಸುತ್ತಿದರೆ ಎಳೆಗಳು ಒತ್ತೊತ್ತಾಗಿ ಬಿರುಸಾಗುತ್ತವೆ, ಆ ಮಿಸುಕಾಟವೇ ಸತ್ತುಹೋಗುತ್ತದೆ. ಇನ್ನು ಆ ಚುಕ್ಕೆಗರಿಯ ಕಾಡುಕೋಳಿಯ ಬೇಟೆಯನ್ನು ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ನೀಲಗಿರಿಯ ಟ್ರೌಟಿಗೆಂದು ನೊಣ ಕಟ್ಟುವ ಹವ್ಯಾಸ ನಿಮಗಿದ್ದರೆ, ಊರ ಹೇಂಟೆಯ ಮೆತ್ತನೆ ಗರಿಯನ್ನೇ ಬಳಸಿ. ಕಾಡಿನ ಹುಂಜವನ್ನು ಅದರ ಪಾಡಿಗೆ ಬಿಡಿ.