ನೆಗಡಿ ಬಂತೆಂದು ಮೂಗು ಕೊಯ್ಯಬೇಡಿ: ಮುಂದಿನ ಹಲ್ಲು ಒಡೆದಾಗ ಹೃದಯ ವೈದ್ಯನ ಒಂದು ಮಾತು



ಹೃದಯದ ಡಾಕ್ಟರಿಗೆ ಹಲ್ಲಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಕಾರಣವಿದೆ, ಮುಂದೆ ಹೇಳುತ್ತೇನೆ. ಮೊದಲು ವಿಷಯಕ್ಕೆ ಬರೋಣ.

ಮುಂದಿನ ಹಲ್ಲಿನ ಮೂಲೆ ಚೂರು ಒಡೆದಿದೆ. ಕ್ರಿಕೆಟ್ ಚೆಂಡು ತಗುಲಿತೋ, ಸ್ಕೂಟರಿನಿಂದ ಬಿದ್ದಿರೋ, ಗಟ್ಟಿ ಕೋಡುಬಳೆ ಕಚ್ಚಿದಿರೋ, ಅಂತೂ ಒಡೆದಿದೆ. ಇನ್ನು ಕೆಲವರಿಗೆ ಮೊದಲಿನಿಂದಲೇ ಎರಡು ಹಲ್ಲುಗಳ ನಡುವೆ ಸಂದಿ ಇರುತ್ತದೆ, ಅಥವಾ ಪಕ್ಕದ ಹಲ್ಲು ಮೊಳೆಯಂತೆ ಚಿಕ್ಕದಾಗಿ, ಚೂಪಾಗಿ ಇರುತ್ತದೆ. ನೋವಿಲ್ಲ, ಹುಳುಕಿಲ್ಲ. ಆದರೆ ಮದುವೆ ಗೊತ್ತಾಗಿದೆ, ಫೋಟೋದಲ್ಲಿ ನಗಲು ಸಂಕೋಚ. ಕ್ಲಿನಿಕ್ಕಿಗೆ ಹೋದರೆ, "ಒಂದಕ್ಕೇ ಮಾಡಿದರೆ ಚೆನ್ನಾಗಿ ಕಾಣಲ್ಲ, ನಾಲ್ಕು ಹಲ್ಲಿಗೂ ಕ್ಯಾಪ್ ಹಾಕೋಣ, ಸ್ಮೈಲ್ ಡಿಸೈನ್ ಪ್ಯಾಕೇಜ್ ಇದೆ, ಇಎಂಐನಲ್ಲೂ ಕಟ್ಟಬಹುದು" ಎಂಬ ಸಲಹೆ ಸಿಗುತ್ತದೆ. ಎಲ್ಲ ದಂತವೈದ್ಯರೂ ಹೀಗೆ ಹೇಳುವುದಿಲ್ಲ. ಆದರೆ ಹೀಗೆ ಹೇಳಿಸಿಕೊಂಡು ಬಂದವರು ನನ್ನ ಕನ್ಸಲ್ಟಿಂಗ್ ರೂಮಿಗೂ ಬರುತ್ತಾರೆ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. *ಆರೋಗ್ಯವಾಗಿರುವ ಹಲ್ಲನ್ನು ಬರೀ ಅಂದಕ್ಕಾಗಿ ಕೊರೆಸಿ ಕ್ಯಾಪ್ ಹಾಕಿಸಬೇಡಿ.* ಒಡೆದ ಚೂರಿನಷ್ಟನ್ನು ಮಾತ್ರ ಸೇರಿಸಿ ಸರಿಮಾಡಲು ಸಾಧ್ಯವೇ ಎಂದು ಮೊದಲು ಕೇಳಿ. ಬಹಳಷ್ಟು ಸಲ ಸಾಧ್ಯವಿರುತ್ತದೆ.

*ಎನಾಮೆಲ್ ಮತ್ತೆ ಬೆಳೆಯುವುದಿಲ್ಲ*

ಹಲ್ಲಿನ ಹೊರಗಿನ ಬಿಳಿ ಪದರ ಎನಾಮೆಲ್. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ತೂಕದಲ್ಲಿ ಸುಮಾರು ಶೇ. 96ರಷ್ಟು ಬರೀ ಖನಿಜ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಎನಾಮೆಲ್ ಹಾಗಲ್ಲ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಬಾಯಿಗೆ ಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಒಮ್ಮೆ ಸವೆಸಿದ್ದು ಹೋದಂತೆಯೇ.

ಪೂರ್ತಿ ಕ್ಯಾಪ್ ಕೂರಿಸಬೇಕಾದರೆ ಹಲ್ಲನ್ನು ಸುತ್ತಲೂ ಕೊರೆದು ಸಣ್ಣದು ಮಾಡಲೇಬೇಕು. ಎಷ್ಟು? 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಲ್ಲಿನ ಮಾದರಿಗಳನ್ನು ಕೊರೆಯುವ ಮೊದಲು ಮತ್ತು ನಂತರ ತೂಗಿ ನೋಡಿದರು. ಮುಂದಿನ ಹಲ್ಲಿಗೆ ಪೂರ್ತಿ ಕ್ಯಾಪ್ ಹಾಕಲು, ಒಸಡಿನಿಂದ ಹೊರಗೆ ಕಾಣುವ ಭಾಗದಲ್ಲಿ ಶೇ. 63ರಿಂದ 72ರಷ್ಟು ಹೋಗಿತ್ತು. ಮುಂಭಾಗಕ್ಕೆ ಮಾತ್ರ ಅಂಟಿಸುವ ವೆನಿಯರ್‌ನಂಥ ವಿಧಾನಗಳಲ್ಲಿ ಶೇ. 3ರಿಂದ 30. ಯೋಚಿಸಿ: ಅಕ್ಕಿಕಾಳಿನಷ್ಟು ಚೂರು ಒಡೆದಿದ್ದಕ್ಕೆ ಹಲ್ಲಿನ ಮೂರನೇ ಎರಡು ಪಾಲು ತೆಗೆಸುವುದು ನೆಗಡಿ ಬಂತೆಂದು ಮೂಗು ಕೊಯ್ದಂತೆ ಅಲ್ಲವೇ?

*ಸೇರಿಸುವ ವಿಧಾನ: ಬಾಂಡಿಂಗ್*

1955ರಲ್ಲಿ ಅಮೆರಿಕದ ದಂತವೈದ್ಯ ಮೈಕೆಲ್ ಬುವೊನೊಕೋರ್ ಒಂದು ಸರಳ ಸಂಗತಿ ತೋರಿಸಿಕೊಟ್ಟರು. ಎನಾಮೆಲ್ ಮೇಲೆ ಸ್ವಲ್ಪ ಹೊತ್ತು ಫಾಸ್ಫಾರಿಕ್ ಆಮ್ಲ ಸವರಿ ತೊಳೆದರೆ ಮೇಲ್ಮೈ ತರಿತರಿಯಾಗಿ, ಅದಕ್ಕೆ ರಾಳ ಗಟ್ಟಿಯಾಗಿ ಹಿಡಿಯುತ್ತದೆ. ಇಂದಿನ ಬಾಂಡಿಂಗ್ ನಿಂತಿರುವುದೇ ಇದರ ಮೇಲೆ. ಆಮ್ಲದ ಜೆಲ್ ಹಚ್ಚಿ, ತೊಳೆದು, ಅಂಟು ಸವರಿ, ಹಲ್ಲಿನ ಬಣ್ಣದ ಕಾಂಪೋಸಿಟನ್ನು ಪದರಪದರವಾಗಿ ಇಟ್ಟು, ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡುತ್ತಾರೆ. ಕೊನೆಗೆ ಪಾಲಿಶ್. ಚಿಕ್ಕ ಚೂರಾದರೆ ಸಾಮಾನ್ಯವಾಗಿ ಒಂದೇ ಭೇಟಿ. ಎಷ್ಟೋ ಸಲ ಇಂಜೆಕ್ಷನ್ನೂ ಬೇಡ. ಮೊಳೆಯಂಥ ಹಲ್ಲಿಗೆ ಆಕಾರ ಕೊಡಲು, ಸಂದಿ ಮುಚ್ಚಲು ಕೂಡ ಇದೇ ವಿಧಾನ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮುರಿದ ಚೂರು ಸಿಕ್ಕರೆ ಎಸೆಯಬೇಡಿ. ನೀರಿನಲ್ಲೋ ಹಾಲಿನಲ್ಲೋ ಹಾಕಿಕೊಂಡು ಅಂದೇ ದಂತವೈದ್ಯರ ಬಳಿ ಹೋಗಿ. ಎಷ್ಟೋ ಸಲ ನಿಮ್ಮದೇ ಚೂರನ್ನು ಮತ್ತೆ ಅಂಟಿಸಬಹುದು. ಅದಕ್ಕಿಂತ ಚೆನ್ನಾಗಿ ಹೊಂದುವ ಬಣ್ಣ ಯಾವ ಲ್ಯಾಬೂ ಕೊಡಲಾರದು.

ಬಾಂಡಿಂಗ್‌ಗೂ ಮಿತಿಗಳಿವೆ, ಮುಚ್ಚಿಡುವುದಿಲ್ಲ. ಪಿಂಗಾಣಿಯಷ್ಟು ಬಾಳುವುದಿಲ್ಲ, ಸಾಮಾನ್ಯವಾಗಿ ಐದರಿಂದ ಏಳು ವರ್ಷಕ್ಕೆ ರಿಪೇರಿಯೋ ಬದಲಾವಣೆಯೋ ಬೇಕಾಗಬಹುದು. ಕಾಫಿ, ಚಹಾ, ತಂಬಾಕಿನಿಂದ ಬಣ್ಣ ಕೆಡುತ್ತದೆ. ರಾತ್ರಿ ಹಲ್ಲು ಕಡಿಯುವವರಿಗೆ ಬೇಗ ಒಡೆಯುತ್ತದೆ, ಅವರಿಗೆ ನೈಟ್ ಗಾರ್ಡ್ ಬೇಕು. ಆದರೆ ಬಾಂಡಿಂಗ್ ಒಡೆದರೆ ಅದರ ಕೆಳಗೆ ನಿಮ್ಮ ಹಲ್ಲು ಹಾಗೇ ಇರುತ್ತದೆ. ಕ್ಯಾಪ್ ಹಾಳಾದಾಗ ಕೆಳಗೆ ಉಳಿದಿರುವುದು ಕೊರೆದ ಮೋಟು. ಇಪ್ಪತ್ತೈದು ವರ್ಷದ ಮಗಳಿಗೆ ಕ್ಯಾಪ್ ಹಾಕಿಸಿದರೆ, ಜೀವಮಾನದಲ್ಲಿ ಅದನ್ನು ಒಂದಕ್ಕಿಂತ ಹೆಚ್ಚು ಸಲ ಬದಲಿಸಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಕ್ಯಾಪ್ ಎಂದರೆ ಕೆಟ್ಟದ್ದು ಎಂದಲ್ಲ. ರೂಟ್ ಕೆನಾಲ್ ಆಗಿ ಬಹುಪಾಲು ಹೋಗಿರುವ ಹಲ್ಲಿಗೆ, ತುಂಬಾ ದೊಡ್ಡದಾಗಿ ಮುರಿದ ಹಲ್ಲಿಗೆ ಅದು ಬೇಕಾಗಬಹುದು. ನನ್ನ ತಕರಾರು ಗಟ್ಟಿಮುಟ್ಟಾದ ಹಲ್ಲಿಗೆ ಹಾಕುವ ಕ್ಯಾಪಿನ ಬಗ್ಗೆ ಮಾತ್ರ.

*ಇದರಲ್ಲಿ ಹೃದಯದ ಮಾತೇನು?*

ಹಲ್ಲನ್ನು ಹೆಚ್ಚು ಕೊರೆದಷ್ಟೂ ಒಳಗಿನ ನರಕ್ಕೆ ಪೆಟ್ಟು. ಕ್ಯಾಪ್ ಹಾಕಿದ ಕೆಲವು ಹಲ್ಲುಗಳ ನರ ವರ್ಷಗಳ ನಂತರ ಸದ್ದಿಲ್ಲದೆ ಸಾಯುತ್ತದೆ, ಬೇರಿನ ತುದಿಯಲ್ಲಿ ಸೋಂಕು ಕೂರುತ್ತದೆ. ಕ್ಯಾಪಿನ ಅಂಚು ಒಸಡಿನ ಕೆಳಗೆ ಸರಿಯಾಗಿ ಕೂರದಿದ್ದರೆ ಅಲ್ಲಿ ಕೊಳೆ ನಿಂತು ಒಸಡು ಊದುತ್ತದೆ, ರಕ್ತ ಒಸರುತ್ತದೆ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಲು ಇವೇ ದಾರಿಗಳು. ಸಾಮಾನ್ಯರ ದೇಹ ಅದನ್ನು ನಿಭಾಯಿಸುತ್ತದೆ. ಕೃತಕ ಕವಾಟ ಇರುವವರಲ್ಲಿ ಅದು ಕವಾಟದ ಮೇಲೆ ಕೂತರೆ ಎಂಡೋಕಾರ್ಡೈಟಿಸ್ ಎಂಬ ಸೋಂಕು. ವಾರಗಟ್ಟಲೆ ಆಸ್ಪತ್ರೆ, ರಕ್ತನಾಳಕ್ಕೆ ಆಂಟಿಬಯೋಟಿಕ್, ಕೆಲವೊಮ್ಮೆ ಮತ್ತೆ ಆಪರೇಷನ್. ಜೀವಕ್ಕೇ ಅಪಾಯ. ಅಂದಕ್ಕಾಗಿ ಆ ದಾರಿಯನ್ನು ನಾವೇ ಏಕೆ ತೆರೆಯಬೇಕು?

ಹೃದಯದ ಚಿಕಿತ್ಸೆ ಪಡೆದವರು ಇವಿಷ್ಟು ನೆನಪಿಡಿ:

1. ಸ್ಟೆಂಟ್ ಹಾಕಿಸಿಕೊಂಡವರು ಹಲ್ಲಿನ ಕೆಲಸಕ್ಕೆಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅಥವಾ ರಕ್ತ ತೆಳುವಾಗಿಸುವ ಬೇರೆ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ. ಒಸಡು ಮುಟ್ಟದ ಬಾಂಡಿಂಗ್‌ನಲ್ಲಿ ರಕ್ತವೇ ಬರುವುದಿಲ್ಲ, ನಿಲ್ಲಿಸುವ ಪ್ರಶ್ನೆಯೂ ಬರುವುದಿಲ್ಲ.

2. ಕೃತಕ ಕವಾಟ ಇರುವವರು, ಹಿಂದೆ ಎಂಡೋಕಾರ್ಡೈಟಿಸ್ ಆದವರು, ಹುಟ್ಟಿನಿಂದ ಬಂದ ಕೆಲವು ಹೃದಯ ದೋಷಗಳಿರುವವರು ಒಸಡು ಅಥವಾ ಬೇರಿನ ತುದಿ ಮುಟ್ಟುವ ಕೆಲಸಕ್ಕೆ ಮೊದಲು ಒಂದು ಡೋಸ್ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕಾಗುತ್ತದೆ. ಯಾವುದು, ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಬರೆದುಕೊಡಲಿ.

3. ಬರೀ ಸ್ಟೆಂಟ್, ಬೈಪಾಸ್ ಅಥವಾ ಪೇಸ್‌ಮೇಕರ್ ಇದ್ದ ಮಾತ್ರಕ್ಕೆ ಹಲ್ಲಿನ ಕೆಲಸಕ್ಕೆ ಆಂಟಿಬಯೋಟಿಕ್ ಬೇಡ.

*ಕುರ್ಚಿ ಮೇಲೆ ಕೂರುವ ಮೊದಲು ಕೇಳಿ*

ನಾವಿರುವುದು ಪರಊರು. ಹಿಂದಿ, ಮರಾಠಿ, ತಮಿಳು, ತೆಲುಗಿನಲ್ಲಿ ವಾದ ಮಾಡಲು ಹಿಂಜರಿದು ಹೂಂ ಎಂದುಬಿಡುತ್ತೇವೆ. ಹಾಗೆ ಮಾಡಬೇಡಿ. ಈ ನಾಲ್ಕು ಪ್ರಶ್ನೆ ಸಾಕು: ಕೊರೆಯದೆ ಬಾಂಡಿಂಗ್‌ನಲ್ಲಿ ಆಗುತ್ತದೆಯೇ? ಆಗದಿದ್ದರೆ ಏಕೆ? ನನ್ನ ಹಲ್ಲಿನಿಂದ ಎಷ್ಟು ತೆಗೆಯುತ್ತೀರಿ? ಇದು ಹಾಳಾದ ದಿನ ಮುಂದೇನು? ಒಳ್ಳೆಯ ವೈದ್ಯರು ಬೇಸರಪಡದೆ ಉತ್ತರಿಸುತ್ತಾರೆ.

ಉತ್ತರ ಸಮಾಧಾನ ತರದಿದ್ದರೆ ಎರಡನೇ ಅಭಿಪ್ರಾಯ ಪಡೆಯಿರಿ. ಮುಂಬೈಯ ನಾಯರ್ ದಂತ ಕಾಲೇಜು, ದೆಹಲಿಯ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ, ಚೆನ್ನೈ ಮತ್ತು ಹೈದರಾಬಾದಿನ ಸರ್ಕಾರಿ ದಂತ ಕಾಲೇಜುಗಳಂಥ ಕಡೆ ಹಲ್ಲನ್ನು ಉಳಿಸುವುದಕ್ಕೆಂದೇ ಕನ್ಸರ್ವೇಟಿವ್ ಡೆಂಟಿಸ್ಟ್ರಿ ಎಂಬ ವಿಭಾಗವಿರುತ್ತದೆ. ಕಾಯಬೇಕಾಗಬಹುದು, ಆದರೆ ಪ್ಯಾಕೇಜ್ ಮಾರುವ ಅವಸರ ಅಲ್ಲಿರುವುದಿಲ್ಲ.

ಮದುವೆಗೆಂದು ಊರಿಗೆ ಹೊರಡುವ ಹಿಂದಿನ ವಾರ ಓಡಬೇಡಿ, ಎರಡು ತಿಂಗಳು ಮೊದಲೇ ಹೋಗಿ. ಹಲ್ಲು ಬಿಳಿ ಮಾಡಿಸುವ ಆಸೆ ಇದ್ದರೆ ಅದು ಮೊದಲು. ಎರಡು ವಾರ ಬಿಟ್ಟು ಬಾಂಡಿಂಗ್, ಏಕೆಂದರೆ ಕಾಂಪೋಸಿಟ್ ಆಮೇಲೆ ಬಿಳಿಯಾಗುವುದಿಲ್ಲ. ಮಾಡಿಸಿದ ಮೇಲೆ ಕಬ್ಬು ಸಿಗಿಯುವುದು, ಚಕ್ಕುಲಿ ಮುರಿಯುವುದು, ಪ್ಯಾಕೆಟ್ ಹರಿಯುವುದು ಮುಂದಿನ ಹಲ್ಲಿನ ಕೆಲಸವಲ್ಲ.

ಇಂದು ಕೊರೆಯದ ಹಲ್ಲನ್ನು ಬೇಕಿದ್ದರೆ ನಾಳೆ ಕೊರೆಯಬಹುದು. ಕೊರೆದ ಹಲ್ಲನ್ನು ಯಾರೂ ಹಿಂದಿರುಗಿಸಿ ಕೊಡಲಾರರು.

ಉಪಯೋಗವಾಗುತ್ತದೆ ಎನಿಸಿದರೆ, ಮನೆಯಲ್ಲಿ ಮದುವೆಗೆ ಸಿದ್ಧರಿರುವ ಮಕ್ಕಳಿರುವವರಿಗೂ, ಕವಾಟದ ಆಪರೇಷನ್ ಆದವರಿಗೂ ದಯವಿಟ್ಟು ಕಳುಹಿಸಿ. 🙏